ಗೆದ್ದಲು ಕೊರೆದ ಟೊಳ್ಳು: ಡಾರ್ವಿನ್‌ನಲ್ಲಿ ಕೊಂಡ ಯಿಡಕಿಯ ಬಗ್ಗೆ

ಕಳೆದ ಜುಲೈನಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ನಗರದ ನಡುಭಾಗದ ಒಂದು ಅಂಗಡಿಯಲ್ಲಿ ನಾನು ಕೊಂಡ ವಾದ್ಯದ ಉದ್ದ 1 ಮೀಟರ್ 42 ಸೆಂಟಿಮೀಟರ್, ತೂಕ ಎರಡೂವರೆ ಕಿಲೋ, ಬೆಲೆ 480 ಆಸ್ಟ್ರೇಲಿಯನ್ ಡಾಲರ್. ಮರದ ಕೊಳವೆಯಾದ ಈ ಊದುವಾದ್ಯವನ್ನು ಪ್ರವಾಸಿಗಳು ಡಿಜೆರಿಡೂ ಎನ್ನುತ್ತಾರೆ. ಮಾಡಿದವರ ಮಾತಿನಲ್ಲಿ ಇದು ಯಿಡಕಿ. ಎಂಟು ತಿಂಗಳು ಹೆಚ್ಚುಕಡಿಮೆ ದಿನವೂ ಊದಿ, ಒಂದು ಮಳೆಗಾಲವನ್ನು ದಾಟಿಸಿ, ನಡುವೆ ಬಿಟ್ಟ ಒಂದು ಬಿರುಕನ್ನು ಮುಚ್ಚಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೊಟ್ಟ ಹಣಕ್ಕೆ ವಾದ್ಯ ಮೋಸ ಮಾಡಿಲ್ಲ. ಅಂಗಡಿಯ ಬಗ್ಗೆ ಒಂದೆರಡು ತಕರಾರುಗಳಿವೆ, ಅವನ್ನು ಮುಂದೆ ಹೇಳುತ್ತೇನೆ. ಆದರೆ ಇದನ್ನು ಕೊಳ್ಳಲು ಹೊರಟವರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ: ಅಂಗಡಿಗಳು ಮಾರುವುದು ಕೊಳವೆಯ ಮೇಲಿನ ಚಿತ್ರವನ್ನು, ನಾದ ಹುಟ್ಟುವುದು ಕೊಳವೆಯೊಳಗಿನ ಟೊಳ್ಳಿನಲ್ಲಿ, ಮತ್ತು ಆ ಟೊಳ್ಳನ್ನು ಕೊರೆದದ್ದು ಗೆದ್ದಲು.

ವಿಡಿಯೋ ಕರೆಯಲ್ಲಿ ಇದನ್ನು ತೋರಿಸಿದಾಗ ಸಾಗರದ ಹತ್ತಿರದ ನಮ್ಮೂರಿನಲ್ಲಿ ಕುಳಿತಿದ್ದ ಅಮ್ಮ, "ಎಂಥದು ಮಾರಾಯ, ಗೆದ್ದಲು ತಿಂದ ಮರಕ್ಕೆ ಅಷ್ಟು ದುಡ್ಡು ಕೊಟ್ಟೆಯಾ?" ಎಂದು ಕೇಳಿದರು. ಮಲೆನಾಡಿನ ಮರದ ಮನೆಯಲ್ಲಿ ಬಾಳಿದವರಿಗೆ ಗೆದ್ದಲು ಎಂದರೆ ತೊಲೆ, ಪಕಾಸು, ಪುಸ್ತಕದ ಕಪಾಟು ಎಲ್ಲವನ್ನೂ ಸದ್ದಿಲ್ಲದೆ ಮುಗಿಸುವ ಶತ್ರು. ಡಾರ್ವಿನ್‌ನಲ್ಲಿಯೂ ಮನೆ ಕಟ್ಟುವವರ ಅಭಿಪ್ರಾಯ ಬೇರೆಯೇನಲ್ಲ. ಈ ಊರಿನ ಹೆಸರನ್ನೇ ಹೊತ್ತ ಮ್ಯಾಸ್ಟೊಟರ್ಮಿಸ್ ಡಾರ್ವಿನಿಯೆನ್ಸಿಸ್ ಎಂಬ ದೈತ್ಯ ಗೆದ್ದಲು ಇಲ್ಲಿದೆ. 1872ರಲ್ಲಿ ಪೂರ್ಣಗೊಂಡ ಅಡಿಲೇಡ್–ಡಾರ್ವಿನ್ ತಂತಿ ಮಾರ್ಗದ ಉತ್ತರ ಭಾಗದಲ್ಲಿ ನೆಟ್ಟ ಮರದ ಕಂಬಗಳನ್ನು ಗೆದ್ದಲುಗಳು ತಿಂದುಹಾಕಿದ್ದರಿಂದ ಅವುಗಳ ಜಾಗದಲ್ಲಿ ಕಬ್ಬಿಣದ ಕಂಬಗಳನ್ನು ನಿಲ್ಲಿಸಬೇಕಾಯಿತು. ಇಂತಹ ಊರಿನಲ್ಲಿ ಗೆದ್ದಲಿನ ಕೆಲಸಕ್ಕೆ ಬೆಲೆ ಕಟ್ಟಿ ಮಾರುವ ಅಂಗಡಿಯೂ ಇದೆ ಎಂಬುದು ಅಮ್ಮನಿಗೆ ಈಗಲೂ ನಗೆಯ ವಿಷಯವೇ.

ಹೆಸರಿನ ಬಗ್ಗೆ ಒಂದು ಮಾತು. ಡಿಜೆರಿಡೂ ಎಂಬುದು ಇಲ್ಲಿನ ಯಾವ ಮೂಲನಿವಾಸಿ ಭಾಷೆಯ ಶಬ್ದವೂ ಅಲ್ಲ. ನಾದವನ್ನು ಕೇಳಿದ ವಲಸಿಗರು ಅದನ್ನು ಅನುಕರಿಸಿ ಕಟ್ಟಿದ ಪದವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಡಾರ್ವಿನ್‌ನಿಂದ ಆರುನೂರು ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕಿರುವ ಈಶಾನ್ಯ ಆರ್ನ್‌ಹೆಮ್ ಲ್ಯಾಂಡ್‌ನ ಯೊಲ್ಙು ಜನರು ಇದನ್ನು ಯಿಡಕಿ ಎಂದರೆ, ಪಶ್ಚಿಮ ಆರ್ನ್‌ಹೆಮ್ ಲ್ಯಾಂಡ್‌ನವರು ಸ್ವಲ್ಪ ಗಿಡ್ಡವಾದ ತಮ್ಮ ವಾದ್ಯವನ್ನು ಮಾಗೊ ಎನ್ನುತ್ತಾರೆ. (ನಮ್ಮ ವರ್ಣಮಾಲೆಯಲ್ಲಿ ಕುಳಿತೇ ಕಾಲ ಕಳೆಯುವ ‘ಙ’ಕ್ಕೆ ‘ಯೊಲ್ಙು’ ಎಂದು ಬರೆಯುವಾಗ ಕೊನೆಗೂ ಕೆಲಸ ಸಿಕ್ಕಿತು. ಯಿಡಕಿಯ ‘ಡ’ ಕೂಡ ನಮ್ಮ ಡಕಾರದಂತೆ ನಾಲಿಗೆಯನ್ನು ಮಡಿಸಿ ನುಡಿಯುವ ಡಕಾರವೇ. ಇಂಗ್ಲಿಷ್ ಲಿಪಿಯಲ್ಲಿ ಅದಕ್ಕೆ ಅಡಿಗೆರೆ ಎಳೆಯಬೇಕು, ಕನ್ನಡದಲ್ಲಿ ಬೇಡ.) ಡಾರ್ವಿನ್ ಇರುವ ನೆಲ ಲರಾಕಿಯಾ ಜನರದು, ಯೊಲ್ಙು ಜನರದಲ್ಲ. ಈ ವಾದ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳೆಲ್ಲರ ವಾದ್ಯ ಎಂಬ ಭಾವನೆಯನ್ನು ಸಿಡ್ನಿಯ ವಿಮಾನ ನಿಲ್ದಾಣದ ಅಂಗಡಿಗಳು ಹುಟ್ಟಿಸುತ್ತವೆಯಾದರೂ, ಹಿಂದಿನಿಂದ ಇದನ್ನು ಊದುತ್ತಿದ್ದವರು ಖಂಡದ ಉತ್ತರದ ಅಂಚಿನ ಜನರು ಮಾತ್ರ. ಡಾರ್ವಿನ್ ಆ ಅಂಚಿನೊಳಗೆ ಬರುತ್ತದೆ, ಆದ್ದರಿಂದ ಇಲ್ಲಿ ಕೊಳ್ಳುವುದಕ್ಕೆ ಅರ್ಥವಿದೆ.

ಮಾರುವವರ ಚೀಟಿಗಳಲ್ಲಿ ಕಾಣುವ ಇನ್ನೊಂದು ಉತ್ಪ್ರೇಕ್ಷೆ ವಾದ್ಯದ ವಯಸ್ಸಿನದು. "ಅರವತ್ತು ಸಾವಿರ ವರ್ಷಗಳ ವಾದ್ಯ" ಎಂದು ಬರೆದಿರುವುದನ್ನು ನಾನೇ ಓದಿದ್ದೇನೆ. ಕಾಕಡು ರಾಷ್ಟ್ರೀಯ ಉದ್ಯಾನದ ಬಳಿಯ ಮಾಜೆಡ್‌ಬೆಬೆ ಬಂಡೆಯಾಸರೆಯಲ್ಲಿ ಸುಮಾರು 65,000 ವರ್ಷಗಳ ಹಿಂದೆಯೇ ಮನುಷ್ಯರಿದ್ದರೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಆದರೆ ಅದು ಜನರ ವಯಸ್ಸು. ಈ ವಾದ್ಯವನ್ನು ಊದುವವರ ಚಿತ್ರ ಅದೇ ಪ್ರದೇಶದ ಬಂಡೆಗಳ ಮೇಲೆ ಕಾಣಿಸಿಕೊಳ್ಳುವುದು ಸುಮಾರು 1,500 ವರ್ಷಗಳಿಂದ ಈಚೆಗೆ. ಸಾವಿರದ ಐನೂರು ವರ್ಷವೇನು ಕಡಿಮೆಯೇ? ಹಲ್ಮಿಡಿ ಶಾಸನಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು, ಅದನ್ನು ನಾವು ಎಷ್ಟು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ.

ಈಗ ಟೊಳ್ಳಿನ ವಿಷಯ. ಈ ನಾಡಿನ ಕಾಡು ನಮ್ಮ ಘಟ್ಟದ ಕಾಡಿನಂತಲ್ಲ. ಮೊಣಕಾಲೆತ್ತರದಿಂದ ಆಳೆತ್ತರದವರೆಗೆ ಬೆಳೆಯುವ ಹುಲ್ಲಿನ ನಡುವೆ ಬಿಡಿಬಿಡಿಯಾಗಿ ನಿಂತ ನೀಲಗಿರಿ ಜಾತಿಯ ಮರಗಳ ಬಯಲುಕಾಡು. ಅದರಲ್ಲಿ ಮುಖ್ಯವಾದವು ಎರಡು, ಇಂಗ್ಲಿಷಿನಲ್ಲಿ ಎರಡಕ್ಕೂ ಈ ಊರಿನದೇ ಹೆಸರು: ಡಾರ್ವಿನ್ ಸ್ಟ್ರಿಂಗಿಬಾರ್ಕ್ ಮತ್ತು ಡಾರ್ವಿನ್ ವುಲ್ಲಿಬಟ್. ಸ್ಟ್ರಿಂಗಿಬಾರ್ಕ್ ಮರಕ್ಕೆ ಯೊಲ್ಙು ಮಾತಿನಲ್ಲಿ ಗಡಯ್ಕ ಎನ್ನುತ್ತಾರೆ. ಅದರ ತೊಗಟೆಯನ್ನು ಹಾಳೆಯಂತೆ ಬಿಡಿಸಿ ಚಪ್ಪಟೆ ಮಾಡಿ ಅದರ ಮೇಲೆ ಚಿತ್ರ ಬರೆಯುವುದು ಆರ್ನ್‌ಹೆಮ್ ಲ್ಯಾಂಡ್‌ನ ಪ್ರಸಿದ್ಧ ಕಲೆ. ಅದೇ ಮರದ ಬೇರಿನ ಕಡೆಯಿಂದ ಒಳನುಗ್ಗುವ ಕಾಪ್ಟೊಟರ್ಮಿಸ್ ಎಂಬ ಗೆದ್ದಲು, ನೀರು ಹರಿಯುವ ಹೊರಪದರದ ಜೀವಂತ ಮರವನ್ನು ಬಿಟ್ಟು, ನಡುವಿನ ಸತ್ತ ತಿರುಳನ್ನು ಮಾತ್ರ ತಿನ್ನುತ್ತ ಮೇಲೇರುತ್ತದೆ. ಆದ್ದರಿಂದ ಮರ ಸಾಯುವುದಿಲ್ಲ. ಹೊರಗೆ ಎಲೆ, ಹೂವು ಎಲ್ಲ ಸರಿಯಾಗಿಯೇ ಇದ್ದು ಒಳಗೆ ಕೊಳವೆಯಾಗುತ್ತದೆ. ಇಲ್ಲಿನ ಬಲಿತ ಮರಗಳಲ್ಲಿ ಬಹಳಷ್ಟು ಹೀಗೆ ಟೊಳ್ಳಾಗಿರುತ್ತವೆ. ಆ ಟೊಳ್ಳುಗಳಲ್ಲಿ ಹಕ್ಕಿ, ಹಲ್ಲಿ, ಪೊಸಮ್ ಎಲ್ಲವೂ ಮನೆ ಮಾಡುತ್ತವೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಗುವ ನಮ್ಮ ಗಾದೆ ಇಲ್ಲಿ ಮರದೊಳಗೂ ನಿಜ.

ವಾದ್ಯ ಮಾಡುವವನ ವಿದ್ಯೆ ಇರುವುದು ಸರಿಯಾದ ಮರವನ್ನು ಕಂಡುಹಿಡಿಯುವುದರಲ್ಲಿ. ತೋಳಿನ ದಪ್ಪದ ಅಥವಾ ಅದಕ್ಕಿಂತ ಸ್ವಲ್ಪ ದಪ್ಪದ ನೇರ ಕಾಂಡದ ಮೇಲೆ ಕೊಡಲಿಯ ಬೆನ್ನಿನಿಂದಲೋ ಬೆರಳಿನ ಗಂಟಿನಿಂದಲೋ ತಟ್ಟಿ, ಹಲಸಿನ ಹಣ್ಣನ್ನು ತಟ್ಟಿ ನೋಡುವ ನಮ್ಮ ಹಿರಿಯರಂತೆ ಸದ್ದಿನಿಂದಲೇ ಒಳಗೆ ಟೊಳ್ಳು ಎಷ್ಟಾಗಿದೆ ಎಂದು ತಿಳಿಯಬೇಕು. ಟೊಳ್ಳು ತೀರಾ ಸಣ್ಣದಿದ್ದರೆ ಉಸಿರು ಹೋಗುವುದಿಲ್ಲ, ತೀರಾ ಅಗಲವಿದ್ದರೆ ತುಟಿಗೆ ತಡೆ ಸಿಗುವುದಿಲ್ಲ. ಮೇಲ್ತುದಿಯಲ್ಲಿ ಎರಡು ಬೆರಳಿನಷ್ಟಿದ್ದು ಬುಡದ ಕಡೆಗೆ ಕ್ರಮೇಣ ಹಿಗ್ಗುವ ಟೊಳ್ಳು ಉತ್ತಮ. ಕಡಿದು ತಂದ ಮೇಲೆ ಗೆದ್ದಲು ತುಂಬಿಟ್ಟ ಮಣ್ಣನ್ನು ಕಡ್ಡಿಯಿಂದಲೂ ನೀರಿನಿಂದಲೂ ತೆಗೆದು, ತೊಗಟೆ ಸುಲಿದು, ಹೊರಮೈಯನ್ನು ಹೆರೆದು ತೆಳುವಾಗಿಸುತ್ತಾರೆ. ಹೊರಗಿನಿಂದ ಎಷ್ಟು ಹೆರೆಯಬೇಕೆಂಬುದು ಒಳಗಿನ ಗೋಡೆಯನ್ನು ಅವಲಂಬಿಸುತ್ತದೆ, ಆ ಗೋಡೆ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಇಷ್ಟು ತಿಳಿದ ಮೇಲೆ 480 ಡಾಲರ್ ನನಗೆ ಹೆಚ್ಚೆನಿಸಲಿಲ್ಲ.

ಇದನ್ನು ತಿಳಿಯುವ ಮೊದಲು ಒಮ್ಮೆ ಮೋಸ ಹೋದದ್ದನ್ನೂ ಹೇಳಬೇಕು. ಈ ಊರಿಗೆ ಬಂದ ಮೊದಲ ವರ್ಷ, ಹೆಸರು ಬೇಡ, ಒಂದು ಸ್ಮರಣಿಕೆಗಳ ಅಂಗಡಿಯಲ್ಲಿ 65 ಡಾಲರ್ ಕೊಟ್ಟು ಚಿತ್ರ ತುಂಬಿದ ಕೊಳವೆಯೊಂದನ್ನು ತಂದಿದ್ದೆ. ಹೊರಗೆ ಕಾಂಗರೂ, ಹಲ್ಲಿ, ಚುಕ್ಕಿಗಳ ಸಾಲು, ಮೇಲೆ ಹೊಳೆಯುವ ವಾರ್ನಿಶ್. ಒಳಗೆ ಟಾರ್ಚ್ ಬಿಟ್ಟು ನೋಡಿದ್ದು ಆರು ತಿಂಗಳ ನಂತರ, ಅದೂ ಅದು ಉದ್ದಕ್ಕೆ ಸೀಳಿದ ಮೇಲೆ: ಟೊಳ್ಳು ಕೊಳಾಯಿ ಪೈಪಿನಂತೆ ತುದಿಯಿಂದ ತುದಿಗೆ ಒಂದೇ ಅಳತೆಯದು, ಯಂತ್ರದಲ್ಲಿ ಕೊರೆದ ಸುತ್ತುಗೆರೆಗಳು ಸ್ಪಷ್ಟವಾಗಿದ್ದವು. ಊದಿದರೆ ಬರುತ್ತಿದ್ದದ್ದು ಹಳೆಯ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ. ಮರ ಯಾವುದೆಂದು ಇಂದಿಗೂ ನನಗೆ ಗೊತ್ತಿಲ್ಲ. ಅದರ ಚೀಟಿಯನ್ನು ಮತ್ತೆ ಓದಿದಾಗ ತಪ್ಪು ನನ್ನದೂ ಹೌದೆಂದು ಅರಿವಾಯಿತು. ಅಲ್ಲಿದ್ದದ್ದು "ಮೂಲನಿವಾಸಿ ಶೈಲಿಯ ಕಲೆ" ಎಂದು. ಶೈಲಿ ಎಂಬ ಒಂದು ಪದ ಎಲ್ಲವನ್ನೂ ಹೇಳುತ್ತಿತ್ತು.

ಇದು ಒಂದು ಅಂಗಡಿಯ ಕಥೆಯಲ್ಲ. ಆಸ್ಟ್ರೇಲಿಯಾ ಸರ್ಕಾರದ ಉತ್ಪಾದಕತಾ ಆಯೋಗ 2022ರಲ್ಲಿ ನೀಡಿದ ವರದಿಯ ಪ್ರಕಾರ, ಮೂಲನಿವಾಸಿ ಕಲೆಯ ಹೆಸರಿನಲ್ಲಿ ಮಾರಾಟವಾಗುವ ಸ್ಮರಣಿಕೆಗಳಿಗೆ ಖರ್ಚಾಗುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಮೂಲನಿವಾಸಿಗಳು ಮಾಡದ ವಸ್ತುಗಳಿಗೆ. ಇಂಡೊನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್, ಡಿಜೆರಿಡೂ ಮೊದಲಾದ 18,000ಕ್ಕೂ ಹೆಚ್ಚು ವಸ್ತುಗಳನ್ನು ಮೂಲನಿವಾಸಿಗಳ ಕೈಕೆಲಸವೆಂಬ ಭಾವನೆ ಬರುವಂತೆ ಮಾರಿದ್ದಕ್ಕಾಗಿ ಒಂದು ಸಗಟು ಸಂಸ್ಥೆಗೆ 2019ರಲ್ಲಿ ಫೆಡರಲ್ ನ್ಯಾಯಾಲಯ 23 ಲಕ್ಷ ಡಾಲರ್ ದಂಡ ವಿಧಿಸಿತು. ಆ ತೀರ್ಪನ್ನು ಕೊಳ್ಳುವವರು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು: ಶಿಕ್ಷೆಯಾದದ್ದು ನಕಲು ಮಾಡಿದ್ದಕ್ಕಲ್ಲ, ಮೂಲದ ಬಗ್ಗೆ ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ. ಸುಳ್ಳು ಹೇಳದೆ ನಕಲನ್ನು ಮಾರುವವನ ಮೇಲೆ ಅದೇ ಕಾನೂನು ಅಷ್ಟು ಸುಲಭವಾಗಿ ಹರಿಯುವುದಿಲ್ಲ. ಚೀಟಿಯ ಮೇಲಿನ ಪದಗಳನ್ನು ಜಮೀನಿನ ಪತ್ರ ಓದುವಷ್ಟು ಎಚ್ಚರದಿಂದ ಓದಿರಿ.

ಬಿದಿರಿನದೆಲ್ಲ ನಕಲಿ ಎಂಬ ಸಲಹೆಯೂ ಇಲ್ಲಿ ಧಾರಾಳವಾಗಿ ಸಿಗುತ್ತದೆ, ಅದು ಅರ್ಧಸತ್ಯ. ಡಾರ್ವಿನ್ ಸುತ್ತಲಿನ ನದಿಗಳ ದಂಡೆಯಲ್ಲಿ ಈ ನೆಲದ್ದೇ ಆದ ಬಿದಿರು ಬೆಳೆಯುತ್ತದೆ. 1829ರ ಸುಮಾರಿಗೆ ರಾಫಲ್ಸ್ ಕೊಲ್ಲಿಯ ಬ್ರಿಟಿಷ್ ನೆಲೆಗೆ ಬಂದಿದ್ದ ಯುರೋಪಿಯನ್ನನೊಬ್ಬ ಅಲ್ಲಿನ ಜನರು ಊದುತ್ತಿದ್ದ ಬಿದಿರಿನ ಕೊಳವೆಯ ಬಗ್ಗೆ ಬರೆದಿಟ್ಟಿದ್ದಾನೆ. ಆದರೆ ಇಂದು ಅಂಗಡಿಯಲ್ಲಿ ಕಾಣುವ ಹಗುರವಾದ, ಸುಟ್ಟು ಚಿತ್ರ ಮಾಡಿದ ಬಿದಿರು ಬಹುಮಟ್ಟಿಗೆ ಆ ಪರಂಪರೆಯದಲ್ಲ.

ಇನ್ನು ನಾನು ಎರಡನೆಯ ಸಲ ಕೊಂಡ ಅಂಗಡಿ. ಸ್ಮಿತ್ ಸ್ಟ್ರೀಟ್ ಮಾಲ್‌ನಿಂದ ಐದು ನಿಮಿಷದ ನಡಿಗೆ. ಹೊರಗಿನಿಂದ ನೋಡಿದರೆ ಆಕರ್ಷಣೆ ಏನೂ ಇಲ್ಲ. ಅಂಗಡಿಯ ಹೆಸರಿಗಿಂತ ಅಂತಹದನ್ನು ಗುರುತಿಸುವ ಲಕ್ಷಣಗಳೇ ಓದುಗರಿಗೆ ಹೆಚ್ಚು ಉಪಯೋಗವಾದ್ದರಿಂದ ಅವನ್ನೇ ಹೇಳುತ್ತೇನೆ. ಗೋಡೆಗೆ ಒರಗಿಸಿದ ಇಪ್ಪತ್ತರಷ್ಟು ವಾದ್ಯಗಳಲ್ಲಿ ಪ್ರತಿಯೊಂದಕ್ಕೂ ಮಾಡಿದವರ ಹೆಸರು, ಕುಲ, ಊರು, ಮರದ ಜಾತಿ, ನಾದದ ಸ್ವರ ಬರೆದ ಕಾಗದ ಇತ್ತು. ಅವು ಬಂದದ್ದು ಆಯಾ ಸಮುದಾಯದವರೇ ನಡೆಸುವ ಕಲಾಕೇಂದ್ರಗಳಿಂದ. ಈ ಕೇಂದ್ರಗಳಲ್ಲಿ ಯಿಡಕಿಗಾಗಿ ಹೆಸರಾದದ್ದು ಈಶಾನ್ಯ ಆರ್ನ್‌ಹೆಮ್ ಲ್ಯಾಂಡ್‌ನ ಯಿರ್ಕಲಾ ಊರಿನ ಬುಕು-ಲರ್ಙ್ಗಯ್ ಮುಲ್ಕ. ಅಂಗಡಿ ನೋಡಿಕೊಳ್ಳುತ್ತಿದ್ದ ಮಹಿಳೆ ನಾನು ಕೇಳುವ ಮೊದಲೇ ಸಣ್ಣ ಟಾರ್ಚನ್ನು ಕೈಗಿತ್ತು, "ಮೊದಲು ಒಳಗೆ ನೋಡಿ, ಆಮೇಲೆ ಚಿತ್ರ" ಎಂದರು. ಅಲ್ಲಿಯೇ ನನಗೆ ಅಂಗಡಿಯ ಮೇಲೆ ನಂಬಿಕೆ ಬಂದದ್ದು.

ಟಾರ್ಚಿನ ಬೆಳಕಿನಲ್ಲಿ ಕಂಡದ್ದನ್ನು ವಿವರಿಸುವುದು ಕಷ್ಟ. ಟೊಳ್ಳು ದುಂಡಗಿರಲಿಲ್ಲ, ಒಂದು ಕಡೆ ಅಂಡಾಕಾರ, ಇನ್ನೊಂದು ಕಡೆ ಒತ್ತಿದ ಚಂದ್ರನಂತೆ. ಗೋಡೆಯ ಮೇಲೆ ಉದ್ದುದ್ದವಾದ ಸಣ್ಣ ತೋಡುಗಳು, ಅಲ್ಲಲ್ಲಿ ಬೆರಳ ತುದಿಯಷ್ಟು ಕುಳಿಗಳು, ಕೊಂಬೆ ಹೊರಟಿದ್ದ ಜಾಗದಲ್ಲಿ ಒಂದು ಉಬ್ಬು. ಯಾವ ಬಡಗಿಯೂ ಉದ್ದೇಶಪೂರ್ವಕವಾಗಿ ಹೀಗೆ ಕೊರೆಯಲಾರ. ಬುಡದ ಕಡೆ ಮೂಗಿಟ್ಟರೆ ಹಳೆಯ ಹುತ್ತದ ಮಣ್ಣಿನ ವಾಸನೆ. ನೀರು ಬಿದ್ದ ಹುತ್ತದ ಪಕ್ಕ ಬಾಲ್ಯ ಕಳೆದವನಿಗೆ ಆ ವಾಸನೆಯನ್ನು ಯಾರೂ ಗುರುತು ಹೇಳಬೇಕಿಲ್ಲ.

ನನ್ನ ವಾದ್ಯದ ಮೇಲೆ ಚಿತ್ರ ಕಡಿಮೆ: ಕೆಂಪು ಮಣ್ಣಿನ ಬಳಪ, ಬಿಳಿ ಜೇಡಿಮಣ್ಣು, ಕಪ್ಪು ಬಣ್ಣಗಳಲ್ಲಿ ಎಳೆದ ಸೂಕ್ಷ್ಮವಾದ ಅಡ್ಡಗೆರೆಗಳ ಒಂದು ಪಟ್ಟಿ, ಅಷ್ಟೇ. ಈ ಅಡ್ಡಗೆರೆಯ ವಿನ್ಯಾಸಗಳು ಆಯಾ ಕುಲದ ಆಸ್ತಿ. ಯಾರು ಯಾವುದನ್ನು ಬರೆಯಬಹುದೆಂಬುದಕ್ಕೆ ಕಟ್ಟುಪಾಡುಗಳಿವೆ, ಮಾರುವ ವಾದ್ಯಗಳ ಮೇಲೆ ಹೊರಗಿನವರು ನೋಡಬಹುದಾದಷ್ಟನ್ನೇ ಬರೆಯುತ್ತಾರೆ. ಆರ್ನ್‌ಹೆಮ್ ಲ್ಯಾಂಡ್‌ನ ಒಳ್ಳೆಯ ವಾದಕರು ತಮ್ಮ ಬಳಕೆಗೆ ಇಟ್ಟುಕೊಳ್ಳುವ ವಾದ್ಯಗಳಿಗೆ ಎಷ್ಟೋ ಸಲ ಚಿತ್ರವೇ ಇರುವುದಿಲ್ಲ. ಬಿರುಕು ಬಿಡದಂತೆ ಎಲೆಕ್ಟ್ರಿಷಿಯನ್ನರ ಟೇಪನ್ನು ಉದ್ದಕ್ಕೂ ಸುತ್ತಿರುತ್ತಾರೆ. ಚಿತ್ರದ ಅಂದಕ್ಕಾಗಿ ಹಣ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಗೋಡೆಗೆ ತೂಗುಹಾಕುವವರು ಚಿತ್ರವನ್ನೇ ನೋಡಲಿ. ಊದುವವರು ಇನ್ನೂರು ಡಾಲರ್ ಉಳಿಸಬಹುದು.

ನಾದದ ಬಗ್ಗೆ. ಹಾರ್ಮೋನಿಯಂ ಲೆಕ್ಕದಲ್ಲಿ ನನ್ನ ಯಿಡಕಿಯ ಆಧಾರಸ್ವರ ಬಿಳಿ ಎರಡು, ಆದರೆ ಗಂಡಸಿನ ಮಂದ್ರಕ್ಕಿಂತಲೂ ಕೆಳಗಿನದು, ಸೆಕೆಂಡಿಗೆ ಎಪ್ಪತ್ತು ಕಂಪನಗಳ ಆಸುಪಾಸು. ಮೊದಲ ಸಲ ಸರಿಯಾಗಿ ಹಿಡಿದಾಗ ಅದು ಕಿವಿಗಿಂತ ಮೊದಲು ಎದೆಗೂಡಿಗೆ ತಲುಪುತ್ತದೆ. ತುಟಿಯನ್ನು ಬಿಗಿಮಾಡಿ ಒಮ್ಮೆ ಜೋರಾಗಿ ದೂಡಿದರೆ ಮೇಲೊಂದು ಸ್ವರ ಕಹಳೆಯಂತೆ ಚಿಮ್ಮುತ್ತದೆ. ಯಂತ್ರ ಕೊರೆದ ನೇರ ಕೊಳವೆಯಲ್ಲಿ ಅದು ಮೇಲಿನ ಸ್ಥಾಯಿಯ ಪಂಚಮದ ಕಡೆಗೆ ಹೋದರೆ, ಬುಡ ಹಿಗ್ಗಿದ ನನ್ನ ಕೊಳವೆಯಲ್ಲಿ ಮೇಲಿನ ಸ್ಥಾಯಿಯ ಗಾಂಧಾರದ ಹತ್ತಿರ ನಿಲ್ಲುತ್ತದೆ. ಒಳ್ಳೆಯ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುತ್ತದೆಂದು ಸಂಗೀತ ಮೇಷ್ಟ್ರು ಹೇಳುತ್ತಿದ್ದರು. ಇಲ್ಲಿಯ ಗಾಂಧಾರ ಗೆದ್ದಲಿನ ದಯೆಯಿಂದ ಬಂದದ್ದು. ಯೊಲ್ಙು ವಾದಕರು ಈ ಮೇಲಿನ ಸ್ವರವನ್ನು ತಾಳದ ಭಾಗವಾಗಿ ಬಳಸುತ್ತಾರಾದ್ದರಿಂದ ಅದು ಸಲೀಸಾಗಿ ಬರದ ಕೊಳವೆಯನ್ನು ಅವರು ಯಿಡಕಿ ಎಂದೇ ಒಪ್ಪುವುದು ಕಷ್ಟ.

ಒಂದೇ ಸ್ವರದ ವಾದ್ಯದಲ್ಲಿ ಎಂಟು ತಿಂಗಳು ಕಲಿಯುವುದೇನಿದೆ ಎಂದು ಗೆಳೆಯರು ಕೇಳುತ್ತಾರೆ. ಸ್ವರ ಒಂದೇ ಆದರೂ ಅದರ ಬಣ್ಣ ಬದಲಾಗುವುದು ಬಾಯೊಳಗೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊದುವವನು ನಾಲಿಗೆಯನ್ನೂ ಗಂಟಲನ್ನೂ ಬದಲಿಸಿದಂತೆ ಅವನ ಬಾಯಿಯ ಅನುರಣನ ಕೆಲವು ಆವರ್ತನಗಳನ್ನು ಅಡಗಿಸುತ್ತದೆ, ಅಡಗದೆ ಉಳಿದವು ಎದ್ದು ಕೇಳಿಸುತ್ತವೆ ಎಂದು ಅಳೆದು ತೋರಿಸಿದರು. ಅಂದರೆ ನಾವು ಅ, ಇ, ಉ ಎಂದು ಸ್ವರಾಕ್ಷರ ಬದಲಿಸುವ ಅಂಗವೇ ಇಲ್ಲಿಯೂ ಕೆಲಸ ಮಾಡುತ್ತದೆ. ಜೊತೆಗೆ ಉಸಿರನ್ನು ಮುರಿಯದೆ ಊದುವ ಕ್ರಮ: ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರಗೊತ್ತುವ ಅದೇ ಕ್ಷಣದಲ್ಲಿ ಮೂಗಿನಿಂದ ಒಳಗೆಳೆಯಬೇಕು. ಪುಂಗಿ ಊದುವ ಹಾವಾಡಿಗರ ಉಬ್ಬಿದ ಕೆನ್ನೆಯನ್ನು ಕಂಡವರಿಗೆ ಇದು ಹೊಸದಲ್ಲ. ನನಗೆ ಅದು ಕೂಡಿಬರಲು ಹನ್ನೊಂದು ವಾರ ಬೇಕಾಯಿತು, ಈಗಲೂ ಎರಡು ನಿಮಿಷ ದಾಟಿದರೆ ತಲೆ ಸುತ್ತುತ್ತದೆ.

ಬಾಯಿಟ್ಟುಕೊಳ್ಳುವ ತುದಿಗೆ ಸುತ್ತಿದ ಮೇಣವೂ ಒಂದು ಕೀಟದ ಕಾಣಿಕೆ. ಇಲ್ಲಿ ಸಾಮಾನ್ಯ ಜೇನುಮೇಣ ಬಳಸುವವರೂ ಇದ್ದಾರೆ, ಆದರೆ ನನ್ನ ವಾದ್ಯಕ್ಕಿರುವುದು ಇಲ್ಲಿನ ಕೊಂಡಿಯಿಲ್ಲದ ಸಣ್ಣ ಜೇನಿನ ಕಪ್ಪು ಮೇಣ. ಆ ಜೇನನ್ನು ಇಲ್ಲಿಯವರು ಶುಗರ್‌ಬ್ಯಾಗ್ ಎನ್ನುತ್ತಾರೆ. ನಮ್ಮ ಮಿಸ್ರಿ ಜೇನು, ದಕ್ಷಿಣ ಕನ್ನಡದವರ ಮುಜಂಟಿ, ಇವುಗಳ ಹತ್ತಿರದ ಸಂಬಂಧಿ ಅದು. ಟೆಟ್ರಾಗೊನುಲಾ ಎಂಬ ಒಂದೇ ಪಂಗಡದ ಜೇನುಗಳು ಎರಡೂ ಕಡೆ ಇವೆ. ಇವೂ ಗೆದ್ದಲು ಬಿಟ್ಟುಹೋದ ಮರದ ಟೊಳ್ಳಿನಲ್ಲಿ ಗೂಡು ಕಟ್ಟುತ್ತವೆ. ಮೇಣ ಸ್ವಲ್ಪ ಅಂಟು, ಅಂಟಿನಲ್ಲಿ ರಾಳದ ಪರಿಮಳ. ಡಾರ್ವಿನ್‌ನ ಸೆಕೆಗೆ ಮೆತ್ತಗಾಗಿ ಮೀಸೆಗೆ ಹಿಡಿಯುತ್ತದೆ ಎಂಬುದೊಂದೇ ದೋಷ. ಅಂಗಡಿಯ ಹಿಂದಿನ ಮಾವಿನ ಮರದಲ್ಲಿ ಎಲೆಗಳನ್ನು ಹೊಲಿದು ಕಟ್ಟಿದ್ದ ಇರುವೆ ಗೂಡನ್ನು ಕಂಡು ನಾನು ನಿಂತುಬಿಟ್ಟಿದ್ದೆ: ನಮ್ಮ ಚಗಳಿ! ಜಾತಿ ಒಂದೇ, ಇಲ್ಲಿ ಅದರ ಹೊಟ್ಟೆ ಮಾತ್ರ ಹಸಿರು. ಇಲ್ಲಿನ ಜನ ಅದರ ಹುಳಿಯನ್ನು ಸವಿಯುತ್ತಾರೆ, ನೆಗಡಿಗೆ ಔಷಧಿಯಾಗಿಯೂ ಬಳಸುತ್ತಾರೆ. ನಮ್ಮಲ್ಲಿ ಚಟ್ನಿ ಅರೆಯುತ್ತಾರೆ ಎಂದು ಹೇಳಿದಾಗ ಅಂಗಡಿಯ ಮಹಿಳೆ ಪಾಕವಿಧಾನವನ್ನು ಬರೆಸಿಕೊಂಡರು. ಅದಕ್ಕಾಗಿ ರಿಯಾಯಿತಿಯೇನೂ ಸಿಗಲಿಲ್ಲ.

ಕೊಳ್ಳುವ ಮೊದಲು ಕೇಳಿ ಪಳಗುವುದು ಮುಖ್ಯ, ಅದಕ್ಕೆ ಈ ನಗರದಲ್ಲಿ ಕೊರತೆಯಿಲ್ಲ. ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಗುರುವಾರ ಮತ್ತು ಭಾನುವಾರ ಸಂಜೆ ಮಿಂಡಿಲ್ ಕಡಲತೀರದ ಸಂತೆಯಲ್ಲಿ ಡ್ರಮ್ಸ್ ಜೊತೆ ಸೇರಿಸಿ ಊದುವವರನ್ನು ಕೇಳಬಹುದು. ಕುಣಿಸುವ ಸಂಗೀತ, ನನಗೂ ಇಷ್ಟ, ಆದರೆ ಅದನ್ನು ಕೇಳಿ ಯಿಡಕಿ ಆರಿಸಬೇಡಿ. ಯೊಲ್ಙು ಜನರ ಕುಲಗೀತೆಗಳಾದ ಮಣಿಕಾಯ್‌ನಲ್ಲಿ ಹಾಡುವವನ ಕೈಯ ಬಿಲ್ಮ ಎಂಬ ಮರದ ತಾಳವೇ ಮುಂದಾಳು, ಯಿಡಕಿ ಅದನ್ನು ಹಿಂಬಾಲಿಸುತ್ತದೆ. ಸಂತೆಯಲ್ಲಿ ಯಿಡಕಿ ಒಂಟಿ ನಾಯಕ. ಸಮಾರಂಭದಲ್ಲಿ ಹಾಡಿನ ಸೇವಕ. ಆಗಸ್ಟ್ ತಿಂಗಳಲ್ಲಿ ಸಸ್ಯೋದ್ಯಾನದ ಬಯಲುರಂಗದಲ್ಲಿ ನಡೆಯುವ ರಾಷ್ಟ್ರೀಯ ಮೂಲನಿವಾಸಿ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಹಿಪ್‌ಹಾಪ್‌ನಿಂದ ಹಿಡಿದು ಊರ ಹಾಡಿನವರೆಗೆ ಒಂದೇ ರಾತ್ರಿ ಕೇಳಸಿಗುತ್ತದೆ. ಅದೇ ತಿಂಗಳು ನಡೆಯುವ ಡಾರ್ವಿನ್ ಮೂಲನಿವಾಸಿ ಕಲಾ ಮೇಳಕ್ಕೆ ಕಲಾಕೇಂದ್ರಗಳೇ ನೇರವಾಗಿ ಬಂದು ಮಳಿಗೆ ಹಾಕುತ್ತವೆ, ಮಾರಾಟದ ಹಣವೆಲ್ಲ ಅವರಿಗೇ. ಜುಲೈನಲ್ಲಿ ಅವಸರಪಡದೆ ಒಂದು ತಿಂಗಳು ಕಾದಿದ್ದರೆ ನನಗೆ ಆಯ್ಕೆ ಹೆಚ್ಚಿರುತ್ತಿತ್ತು, ಬಹುಶಃ ಅಂಗಡಿಯ ಲಾಭಾಂಶವೂ ಉಳಿಯುತ್ತಿತ್ತು.

ಮನೆಯಲ್ಲಿ ಯಾರು ಊದಬಹುದು ಎಂಬ ಪ್ರಶ್ನೆಯನ್ನೂ ಅಂಗಡಿಯಲ್ಲೇ ಕೇಳಿದೆವು. ಸಮಾರಂಭಗಳಲ್ಲಿ ಊದುವವರು ಗಂಡಸರು. ಹೆಂಗಸರು ಸುಮ್ಮನೆ ಊದುವುದರ ಬಗ್ಗೆ ಅಭಿಪ್ರಾಯ ಊರಿಂದ ಊರಿಗೆ ಬೇರೆ, ಈ ವಾದ್ಯ ಮೂಲತಃ ಇರದಿದ್ದ ಖಂಡದ ದಕ್ಷಿಣ ಭಾಗದ ಕೆಲವು ಸಮುದಾಯಗಳಲ್ಲಿ ಆಕ್ಷೇಪ ಇನ್ನೂ ಗಟ್ಟಿ. ಮಾರುವವರು ಯಾವ ನಿಯಮವನ್ನೂ ಹೇರದೆ ಇಷ್ಟನ್ನು ತಿಳಿಸಿ ನಿರ್ಧಾರವನ್ನು ನಮಗೇ ಬಿಟ್ಟರು. ನನ್ನ ಹೆಂಡತಿ ಬೇಡವೆಂದಳು, ತಾಳ ಹಾಕುತ್ತಾಳೆ, ನಾನು ಲಯ ತಪ್ಪಿದಾಗ ನಿಲ್ಲಿಸುತ್ತಾಳೆ.

ತಕರಾರುಗಳಿಗೆ ಬರುತ್ತೇನೆ. ಅಂಗಡಿಯ ಹವಾನಿಯಂತ್ರಣ ಅತಿ ತಂಪು. ಒಣ ಚಳಿಯಲ್ಲಿ ವಾರಗಟ್ಟಲೆ ನಿಂತ ಮರವನ್ನು ಹೊರಗಿನ ಹವೆಗೆ ತಂದರೆ ಅದು ಮತ್ತೆ ತೇವ ಕುಡಿದು ಉಬ್ಬುತ್ತದೆ. ನನ್ನದು ಅಕ್ಟೋಬರ್‌ವರೆಗೆ ಸರಿಯಾಗಿತ್ತು. ಲರಾಕಿಯಾ ಜನರ ಪಂಚಾಂಗದಲ್ಲಿ ವರ್ಷಕ್ಕೆ ಏಳು ಋತುಗಳಿದ್ದು, ಮಳೆಗೆ ಮುನ್ನ ಸೆಕೆ ಏರುತ್ತಲೇ ಹೋಗುವ ಕಾಲವನ್ನು ದಲಿರ್‌ಗಂಗ್ ಎನ್ನುತ್ತಾರೆ. ಆ ದಿನಗಳಲ್ಲಿ ಒಂದು ಬೆಳಗ್ಗೆ ಬುಡದಿಂದ ಮೂರು ಗೇಣು ಮೇಲೆ ಕೂದಲೆಳೆಯ ಬಿರುಕು ಕಾಣಿಸಿತು. ಬಿರುಕು ಕಣ್ಣಿಗೆ ಬೀಳುವ ಮೊದಲೇ ನಾದದಲ್ಲಿ ಸೋರಿಕೆ ಗೊತ್ತಾಗುತ್ತದೆ, ಮಂದ್ರ ನಿಲ್ಲದೆ ನಡುಗುತ್ತದೆ. ಮೇಣ ಕರಗಿಸಿ ತುಂಬಿ, ಮೇಲೆ ಕಪ್ಪು ಟೇಪ್ ಸುತ್ತಿದೆ. ಚಿತ್ರದ ಪಟ್ಟಿಯ ಅರ್ಧ ಮುಚ್ಚಿಹೋಯಿತು, ನಾದ ಮಾತ್ರ ಹಿಂದಿಗಿಂತ ಚೆನ್ನಾಗಿದೆ. ಈ ಆರೈಕೆಯ ಬಗ್ಗೆ ಒಂದು ಚೀಟಿಯನ್ನು ಅಂಗಡಿಯವರು ಕೊಡಬಹುದಿತ್ತು. ನನಗೆ ಸಿಕ್ಕಿದ್ದು ಬಟ್ಟೆಯ ಚೀಲವೂ ಇಲ್ಲದ ಬರಿಯ ಗುಳ್ಳೆಪ್ಲಾಸ್ಟಿಕ್ ಸುತ್ತು.

ಭಾರತಕ್ಕೆ ಒಯ್ಯುವವರಿಗೆ ಇನ್ನೊಂದು ಎಚ್ಚರಿಕೆ. ಇದು ಕೈಚೀಲದ ಸಾಮಾನಲ್ಲ, ಉದ್ದದ ಕಾರಣಕ್ಕೆ ವಿಮಾನ ಸಂಸ್ಥೆಯನ್ನು ಮೊದಲೇ ಕೇಳಬೇಕು. ಸಂಸ್ಕರಿಸದ ಮರವಾದ್ದರಿಂದ ಕೀಟ ತಪಾಸಣೆಯ ಪ್ರಶ್ನೆ ಬರುತ್ತದೆ, ಮಾರುವವರಿಂದ ಕೀಟಮುಕ್ತ ಸಂಸ್ಕರಣೆಯ ಪತ್ರ ಪಡೆದಿಟ್ಟುಕೊಳ್ಳಿ. ಬೆಂಗಳೂರಿನ ಒಣ ಫೆಬ್ರವರಿಗೆ ಒಯ್ಯುವುದಾದರೆ ವಾದ್ಯದ ಒಳಗೆ ಎಣ್ಣೆ ಸವರಿ, ಮೊದಲ ಕೆಲವು ವಾರ ಬಳಸದಿರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡುವುದು ಒಳ್ಳೆಯದು. ಗಿಡ್ಡದಾಗಿ ಬೇಕೆನ್ನುವವರಿಗೆ ಪಶ್ಚಿಮದ ಮಾಗೊ ಸುಲಭ, ಬೆಲೆಯೂ ನಾನು ನೋಡಿದವುಗಳಲ್ಲಿ ನೂರು ಡಾಲರ್‌ನಷ್ಟು ಕಡಿಮೆಯಿತ್ತು.

ಅಂಗಡಿ ಸೋಮವಾರದಿಂದ ಶನಿವಾರ ಹತ್ತರಿಂದ ನಾಲ್ಕರವರೆಗೆ ಮಾತ್ರ; ಮಳೆಗಾಲದಲ್ಲಿ ದಾಸ್ತಾನು ಅರ್ಧಕ್ಕಿಳಿಯುತ್ತದೆ, ಏಕೆಂದರೆ ಆಗ ಆರ್ನ್‌ಹೆಮ್ ಲ್ಯಾಂಡ್‌ನ ಮಣ್ಣಿನ ರಸ್ತೆಗಳು ನೀರಿನಲ್ಲಿರುತ್ತವೆ. ಟಾರ್ಚ್ ಅವರಲ್ಲೇ ಇದೆ, ಆದರೆ ಅದರ ಬ್ಯಾಟರಿಯನ್ನು ಯಾರೂ ಬದಲಿಸಿದಂತಿಲ್ಲ. ನಿಮ್ಮದನ್ನೇ ಒಯ್ಯಿರಿ.